ಕೊಪ್ಪಳವೋ ಕೊಪ್ಪಲೋ

ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇವೆ, ಜಾತಿ-ಆದಾಯದ ಅರ್ಜಿ ಹಾಕುತ್ತೇವೆ, ಲ್ಯಾಮಿನೇಷನ್ ಮಾಡುತ್ತೇವೆ. ವಂಶವೃಕ್ಷದ ಅರ್ಜಿಗಳಂತೂ ವಾರಕ್ಕೆ ಐದಾರು ಬಂದೇ ಬರುತ್ತವೆ. ಯಾರೋ ತೀರಿಕೊಂಡಿರುತ್ತಾರೆ, ಪೌತಿ ಖಾತೆ ಆಗಬೇಕಿರುತ್ತದೆ. ನಾಡಕಚೇರಿಗೆ ಕೊಡಲು ಅಜ್ಜನಿಂದ ಮೊಮ್ಮಕ್ಕಳವರೆಗೆ ಹೆಸರು ಬರೆದ ಒಂದು ಹಾಳೆ ತರುತ್ತಾರೆ. ಜೊತೆಗೆ ಬಂದ ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, "ಇನ್ನೊಬ್ಬನಿದ್ದನಲ್ಲೋ" ಅನ್ನುತ್ತಾಳೆ. "ಅವನು ಯಾವಾಗಲೋ ಊರು ಬಿಟ್ಟ. ನೀವು ಬರೀರಿ ಅಕ್ಕ" ಅಂತ ಮಗ ಅವಸರ ಮಾಡುತ್ತಾನೆ.

ನಮ್ಮ ತವರಿನ ಹಾಳೆಯಲ್ಲೂ ಹಾಗೆ ಬಿಟ್ಟುಹೋದವನೊಬ್ಬ ಇದ್ದ. ನಮ್ಮ ಮುತ್ತಜ್ಜನ ತಮ್ಮ. ಹೆಸರು ರಂಗ ಅಂತಿಟ್ಟುಕೊಳ್ಳಿ. ನಿಜವಾದ ಹೆಸರು, ಊರು ಬರೆದರೆ ನಮ್ಮಣ್ಣ ನನ್ನನ್ನು ಹೊಸ್ತಿಲು ದಾಟಿಸುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಮ್ಮದು ಸಖರಾಯಪಟ್ಟಣದ ಶಕುನ ರಂಗನಾಥನ ಒಕ್ಕಲು. ತಲೆಮಾರಿಗೊಬ್ಬ ರಂಗ ಇದ್ದೇ ಇರುತ್ತಾನೆ. ಹಾಗಾಗಿ ಇದು ಪೂರ್ತಿ ಸುಳ್ಳೂ ಅಲ್ಲ.

ಈ ರಂಗನ ಸುದ್ದಿ ನನಗೆ ಮೊದಲು ಸಿಕ್ಕಿದ್ದು ಮನೆತನಗಳ ವಂಶಾವಳಿ ಹೇಳುವ ಹೆಳವರಿಂದ. ಎರಡು ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಅವರು ನಮ್ಮೂರಿಗೆ ಬರುತ್ತಾರೆ. ಅವರ ಅಜ್ಜ ಎತ್ತಿನ ಮೇಲೆ ಬರುತ್ತಿದ್ದರಂತೆ. ಇವರು ಬರುವುದು ಟಿವಿಎಸ್ ಎಕ್ಸೆಲ್‌ನಲ್ಲಿ. ಜಗಲಿ ಮೇಲೆ ಕಂಬಳಿ ಹಾಸಿಸಿಕೊಂಡು ಕೂರುತ್ತಾರೆ. ಕೆಂಪು ಬಟ್ಟೆ ಬಿಚ್ಚಿ ಉದ್ದನೆಯ ಪುಸ್ತಕ ತೆಗೆಯುತ್ತಾರೆ. ಆಮೇಲೆ ಮೂಲ ಪುರುಷನಿಂದ ಹಿಡಿದು ನಿನ್ನೆ ಮೊನ್ನೆ ಹುಟ್ಟಿದ ಮಗುವಿನ ತನಕ ಒಂದೇ ಉಸಿರಿಗೆ ರಾಗವಾಗಿ ಹೇಳುತ್ತಾ ಹೋಗುತ್ತಾರೆ. ಚಿಕ್ಕವಳಿದ್ದಾಗ ಇದನ್ನೆಲ್ಲಾ ಕೇಳಿ ನಿದ್ದೆ ಮಾಡುತ್ತಿದ್ದೆ. 2019ರಲ್ಲಿ ಅವರು ಬಂದಾಗ ನಾನೂ ತವರಿನಲ್ಲಿದ್ದೆ. ಮುತ್ತಜ್ಜನ ಹೆಸರಾದ ಮೇಲೆ ಅವರು "ಅವನ ತಮ್ಮ ರಂಗ, ವಿಳಂಬಿಯಲ್ಲಿ ಮೂಡಲಕ್ಕೆ ಹೋದ" ಅಂದರು. ಅಂದು ಮುಂದಕ್ಕೆ ಹೋಗಿಯೇಬಿಟ್ಟರು. ನಾನು ಕೈ ಹಿಡಿದು ನಿಲ್ಲಿಸಿದೆ.

"ಮೂಡಲ ಅಂದರೆ ಎಲ್ಲಿಗೆ?"

"ಅಜ್ಜ ಬರೆದದ್ದು ಅಷ್ಟೇ ತಾಯಿ."

ವಿಳಂಬಿ ಅಂದರೆ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2018ರ ಯುಗಾದಿಗೆ ಬಂದದ್ದು ವಿಳಂಬಿಯೇ. ಅದರ ಹಿಂದಿನದು 1958, ಅದಕ್ಕೂ ಹಿಂದಿನದು 1898. ಮುತ್ತಜ್ಜನ ತಮ್ಮ ಅಂದಮೇಲೆ 1898 ಅಂತಲೇ ಹಿಡಿಯಬೇಕು. ಬೆಂಗಳೂರಿಗೆ ಪ್ಲೇಗ್ ಬಂದ ವರ್ಷ ಅದು. ಹಾಸನಕ್ಕೆ ಆಗಿನ್ನೂ ರೈಲು ಇರಲಿಲ್ಲ. ನಮ್ಮ ಕಡೆಯವರು ರೈಲು ಹತ್ತಬೇಕು ಅಂದರೆ ಬಾಣಾವರಕ್ಕೋ ಅರಸೀಕೆರೆಗೋ ಹೋಗಬೇಕಿತ್ತು. ಮೂಡಲಕ್ಕೆ ಹೋಗುವ ರೈಲು ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಮದ್ರಾಸಿಗೆ. ಅದರಾಚೆ ಸಮುದ್ರ.

ಮಾರನೇ ವರ್ಷ ಲಾಕ್‌ಡೌನ್ ಬಂತು. ಅಂಗಡಿ ಮುಚ್ಚಿ ಕಂಪ್ಯೂಟರ್ ಮನೆಗೆ ತಂದೆ. ಸುಮ್ನೆ ಕೂರಲಾಗದೆ ವಂಶವೃಕ್ಷದ ಜಾಲತಾಣಗಳಿಗೆ ಕೈ ಹಾಕಿದೆ. ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಚರ್ಚಿನವರು ನಡೆಸುತ್ತಾರೆ. ಹಿರಿಯರನ್ನು ಹುಡುಕುವುದು ಅವರ ಧರ್ಮದಲ್ಲಿ ದೊಡ್ಡ ಕೆಲಸ. ಅದಕ್ಕೇ ದೇಶ ದೇಶದ ದಾಖಲೆಗಳನ್ನು ಫಿಲ್ಮ್ ಮಾಡಿಟ್ಟಿದ್ದಾರೆ. ಹರಿದ್ವಾರದ ಪಂಡಾಗಳು ಇಟ್ಟ ಯಾತ್ರಿಕರ ಲೆಕ್ಕದ ಪುಸ್ತಕಗಳೂ ಅದರಲ್ಲಿವೆ. ಮೈಹೆರಿಟೇಜ್‌ನಲ್ಲಿ 250 ಜನರ ತನಕ ದುಡ್ಡಿಲ್ಲದೆ ಹಾಕಬಹುದು. ಜೆನಿ ಅಂತ ಇನ್ನೊಂದಿದೆ. ಇವುಗಳಲ್ಲಿ ಒಂದು ವ್ಯತ್ಯಾಸ ಮೊದಲೇ ತಿಳಿದಿರಬೇಕು. ಫ್ಯಾಮಿಲಿಸರ್ಚ್ ಮತ್ತು ಜೆನಿಯಲ್ಲಿ ಲೋಕಕ್ಕೆಲ್ಲಾ ಒಂದೇ ಮರ. ನೀವು ಬರೆದ ಮುತ್ತಜ್ಜನನ್ನು ಇನ್ಯಾರೋ ತಿದ್ದಬಹುದು. ಮೈಹೆರಿಟೇಜ್‌ನಲ್ಲಿ ನಿಮ್ಮ ಮರ ನಿಮ್ಮದು.

ಹೆಸರು ತುಂಬುವಾಗಲೇ ನನಗೆ ಸಾಕಾಯಿತು. ಎಲ್ಲಾ ಕಡೆ 'ಲಾಸ್ಟ್ ನೇಮ್' ಕೇಳುತ್ತಾರೆ. ನಮಗೆಲ್ಲಿದೆ ಲಾಸ್ಟ್ ನೇಮ್? ಅಪ್ಪನಿಗೆ ಊರಿನ ಒಂದು ಇನಿಷಿಯಲ್, ಅಜ್ಜನ ಒಂದು ಇನಿಷಿಯಲ್. ಅಣ್ಣನ ಹೆಸರಿನಲ್ಲಿ ಗೌಡ ಇದೆ, ನನ್ನದರಲ್ಲಿ ಇಲ್ಲ. ಕಂಪ್ಯೂಟರಿನ ಪ್ರಕಾರ ನಾವಿಬ್ಬರೂ ಒಂದೇ ಮನೆಯವರಲ್ಲ! ಒಂದು ಸಲ ಗೌಡ ಅನ್ನುವುದನ್ನು ಜಿ-ಓ-ಯು-ಡಿ-ಎ ಅಂತ ಹೊಡೆದೆ. ನೆದರ್‌ಲ್ಯಾಂಡ್ಸಿನ ಗೌಡ ಅನ್ನುವ ಊರಿನವರೆಲ್ಲ ಸಾಲಾಗಿ ಬಂದರು. ಚೀಸ್‌ಗೆ ಹೆಸರಾದ ಊರಂತೆ ಅದು. ಹಾಸನ ಅಂತ ಹೊಡೆದರೆ ಟರ್ಕಿಯಿಂದ ಮೊರಾಕೊ ತನಕ ಇರುವ ಹಸನ್‌ಗಳೆಲ್ಲ ಬರುತ್ತಾರೆ.

ಕೊನೆಗೆ ನಾನು ಮಾಡಿಕೊಂಡ ದಾರಿ ಇದು. ಹೆಸರನ್ನು ಕರೆಯುವ ಹಾಗೇ ಬರೆದೆ, ಲಾಸ್ಟ್ ನೇಮ್ ಖಾಲಿ ಬಿಟ್ಟೆ. ಮನೆದೇವರು, ಬೆಡಗು (ಅಂದರೆ ಕುಲದೊಳಗಿನ ನಮ್ಮ ಕವಲು), ತಂದೆಯ ಹೆಸರು ಎಲ್ಲವನ್ನೂ ಟಿಪ್ಪಣಿಯಲ್ಲಿ ಹಾಕಿದೆ. ಹುಡುಕುವಾಗ ಹೆಸರಿಗಿಂತ ಊರಿನ ಹಿಂದೆ ಬಿದ್ದೆ. ಊರಿಗೂ ಹಳೇ ಹೆಸರು ಗೊತ್ತಿರಬೇಕು. 1973ಕ್ಕೆ ಮುಂಚೆ ಕರ್ನಾಟಕ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ, ಮೈಸೂರು ಅನ್ನಬೇಕು. ಚಿಕ್ಕಮಗಳೂರು ಜಿಲ್ಲೆ 1947ರ ತನಕ ಕಡೂರು ಜಿಲ್ಲೆ. ಸಕಲೇಶಪುರದ ಕಡೆಯವರಾದರೆ ಮಂಜರಾಬಾದ್ ಅಂತ ಹೊಡೆದು ನೋಡಬೇಕು. ಬ್ರಿಟಿಷ್ ಕಾಫಿ ಪ್ಲಾಂಟರುಗಳ ಮೊಮ್ಮಕ್ಕಳು ಆ ಹೆಸರಿನಲ್ಲೇ ಹುಡುಕುತ್ತಿರುತ್ತಾರೆ. ಅವರ ಕಥೆ ಬೇರೆ. ಅವರಿಗೆ ಚರ್ಚಿನ ರಿಜಿಸ್ಟರ್ ಇದೆ, ಗೋರಿ ಕಲ್ಲು ಇದೆ, ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳನ್ನು ಹುಡುಕುವವರಿಗೆ ಅಂತ 1998ರಲ್ಲಿ ಶುರುವಾದ ಫಿಬಿಸ್ ಅನ್ನುವ ಸಂಘವೇ ಇದೆ. ನಮಗೆ ಇರುವುದು ಹೆಳವರು, ಮತ್ತೆ ಅತ್ತೆ.

ಮರ ಕಟ್ಟಿದ ಮೇಲೆ 'ಇವರು ನಿಮ್ಮ ಸಂಬಂಧಿಕರಿರಬಹುದು' ಅಂತ ಸೂಚನೆಗಳು ಬರತೊಡಗಿದವು. ನಾನು ಖುಷಿಯಲ್ಲಿ ಒಂದೇ ಪತ್ರ ಬರೆದು ಹನ್ನೊಂದು ಜನಕ್ಕೆ ಕಳಿಸಿದೆ. ಪತ್ರ ಒಂದೂವರೆ ಪುಟ. ನಮ್ಮ ಮನೆತನದ ಕಥೆ ಪೂರ್ತಿ ಅದರಲ್ಲಿತ್ತು. ಕೊನೆಯಲ್ಲಿ "ನಿಮ್ಮ ತಂದೆ ತಾಯಿ, ಅಜ್ಜ ಅಜ್ಜಿಯರ ಪೂರ್ತಿ ಹೆಸರು, ಹುಟ್ಟಿದ ತಾರೀಕು, ಈಗಿನ ವಿಳಾಸ ತಿಳಿಸಿ" ಅಂತ ಕೇಳಿದ್ದೆ. ಈಗ ಓದಿದರೆ ನನಗೇ ಭಯವಾಗುತ್ತದೆ. ಬ್ಯಾಂಕಿನ ಹೆಸರು ಹೇಳಿ ಒಟಿಪಿ ಕೇಳುವವರೂ ಇದಕ್ಕಿಂತ ನಾಜೂಕಾಗಿ ಕೇಳುತ್ತಾರೆ.

ಒಂಬತ್ತು ಜನ ಉತ್ತರ ಕೊಡಲಿಲ್ಲ. ಒಬ್ಬರು "ನೀವು ಯಾರು, ನನ್ನ ನಂಬರ್ ಯಾರು ಕೊಟ್ಟರು" ಅಂದರು. ನಾನು ನಂಬರಿಗೆ ಕಳಿಸಿಯೇ ಇರಲಿಲ್ಲ. ಇನ್ನೊಬ್ಬರು ಬೆಂಗಳೂರಿನಲ್ಲಿರುವವರು. ನಮ್ಮ ಅಜ್ಜಿಯ ತವರಿನ ಕಡೆಯವರು ಇರಬಹುದು ಅಂತ ನನ್ನ ಅಂದಾಜು. ಅವರ ಉತ್ತರ ಎರಡೇ ಸಾಲು. "ನಮ್ಮಲ್ಲಿ ವಿಭಾಗ ಪತ್ರ ಆಗಿ ಮೂವತ್ತು ವರ್ಷ ಆಗಿದೆ. ಏನಿದ್ದರೂ ನಮ್ಮ ವಕೀಲರ ಹತ್ತಿರ ಮಾತಾಡಿ."

ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಹೊರಗಿನವರನ್ನು ಯಾಕೆ ಅನ್ನಬೇಕು? ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಕಾನೂನು ತಿದ್ದುಪಡಿಯಾದ 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ. ದಿನವಿಡೀ ಟಿವಿಯಲ್ಲಿ ಅದೇ. ಸರಿಯಾಗಿ ಅದೇ ವಾರ ನಾನು ಅಣ್ಣನಿಗೆ ಫೋನ್ ಮಾಡಿ, "ಅಪ್ಪನ ಕಾಲದ ವಂಶವೃಕ್ಷದ ಜೆರಾಕ್ಸ್ ಇದ್ದರೆ ವಾಟ್ಸಾಪ್ ಮಾಡೋ" ಅಂದಿದ್ದೆ. ಆ ಕಡೆ ಸದ್ದೇ ಇಲ್ಲ. ಮುಂದಿನ ಸಲ ತವರಿಗೆ ಹೋದಾಗ ಅತ್ತಿಗೆ ಕಾಫಿ ಕೊಟ್ಟರು. ಸಕ್ಕರೆ ಸಾಕಾ ಅಂತ ಕೇಳಲಿಲ್ಲ, ಪಕ್ಕದಲ್ಲಿ ಕೂರಲೂ ಇಲ್ಲ. ಅಣ್ಣ ಮೊದಲು ಹಸುವಿನ ಮಾತಾಡಿದ, ಮಳೆಯ ಮಾತಾಡಿದ. ಕೊನೆಗೆ "ನಿನಗೆ ಏನಾದ್ರೂ ಮನಸ್ಸಲ್ಲಿದ್ರೆ ಬಾಯಿ ಬಿಟ್ಟು ಹೇಳ್ಬಿಡು" ಅಂದ. ಮುತ್ತಜ್ಜನ ತಮ್ಮನನ್ನು ಹುಡುಕುತ್ತಿದ್ದೇನೆ ಅಂದರೆ ಯಾರು ನಂಬುತ್ತಾರೆ? ವಂಶವೃಕ್ಷದ ಅರ್ಜಿ ಹಾಕಿಸಿಯೇ ಹೊಟ್ಟೆ ಹೊರೆಯುವ ನನಗೇ ಹೊಳೆದಿರಲಿಲ್ಲ, ನಮ್ಮ ಜನಕ್ಕೆ ವಂಶವೃಕ್ಷ ಅಂದರೆ ಆಸ್ತಿ ಪತ್ರ ಅಂತ.

ಅಲ್ಲಿಂದ ನನ್ನ ಪತ್ರದ ರೀತಿ ಬದಲಾಯಿತು. ಒಬ್ಬರಿಗೆ ಒಂದು ಪತ್ರ. ಐದಾರು ಸಾಲು, ಅಷ್ಟೇ. ನಾನು ಯಾರು, ಎಲ್ಲಿಯವಳು ಅಂತ ಮೊದಲ ಸಾಲು. ಅವರ ಮರದಲ್ಲಿ ಯಾವ ಹೆಸರು ನೋಡಿ ಬರೆಯುತ್ತಿದ್ದೇನೆ ಅಂತ ಎರಡನೆಯದು. ಆಮೇಲೆ ಅವರಿಗೆ ಉಪಯೋಗಕ್ಕೆ ಬರುವ ಏನಾದರೂ ಒಂದು ಸಂಗತಿ. ಕೇಳುವುದು ಒಂದೇ ಪ್ರಶ್ನೆ, ಅದೂ ತೀರಿಕೊಂಡವರ ಬಗ್ಗೆ ಮಾತ್ರ. ಕರ್ನಾಟಕದವರಿಗೆ ಬರೆಯುವಾಗ ಇನ್ನೊಂದು ಸಾಲು ಸೇರಿಸುತ್ತೇನೆ: "ಜಮೀನು, ಆಸ್ತಿಗೂ ಇದಕ್ಕೂ ಸಂಬಂಧ ಇಲ್ಲ." ಇದನ್ನು ಬರೆದರೆ ಅನುಮಾನ ಇನ್ನೂ ಜಾಸ್ತಿ ಆಗುತ್ತದೆ ಅಂತ ನನ್ನ ಯಜಮಾನರ ವಾದ. ನನಗೆ ಅನುಭವ ಬೇರೆ. ಆ ಸಾಲು ಇದ್ದಾಗಲೇ ಉತ್ತರ ಬಂದಿದೆ.

ಕಾಯುವುದನ್ನೂ ಕಲಿಯಬೇಕಾಯಿತು. ಈ ಜಾಲತಾಣಗಳಲ್ಲಿ ಜನ ಖಾತೆ ತೆರೆಯುತ್ತಾರೆ, ಒಂದು ವಾರ ಹುಚ್ಚು ಹಿಡಿದಂತೆ ಹೆಸರು ತುಂಬುತ್ತಾರೆ, ಆಮೇಲೆ ವರ್ಷಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ. ಸಂದೇಶ ಬಂದಿದೆ ಅನ್ನುವ ಮೇಲ್ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತದೆ. ನಾನು ಎರಡು ತಿಂಗಳು ಬಿಟ್ಟು ಒಂದೇ ಒಂದು ಸಲ ನೆನಪಿಸುತ್ತೇನೆ. ಅದಕ್ಕೂ ಉತ್ತರ ಇಲ್ಲವಾದರೆ ಅಲ್ಲಿಗೆ ಬಿಟ್ಟೆ. ಫೇಸ್‌ಬುಕ್‌ನಲ್ಲಿ ಹುಡುಕಿ, ಅವರ ಮಗಳ ಇನ್‌ಸ್ಟಾಗ್ರಾಮ್‌ಗೆ ಬರೆದು ಕಾಡುವವರಿದ್ದಾರೆ. ಅದು ತಪ್ಪು. ಉತ್ತರ ಕೊಡದಿರುವುದೂ ಒಂದು ಉತ್ತರವೇ ಅಲ್ವಾ?

ರಂಗ ಸಿಕ್ಕಿದ್ದು, ಸಿಕ್ಕಿದ ಅಂತ ಸದ್ಯಕ್ಕೆ ಅನ್ನೋಣ, 2022ರಲ್ಲಿ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ಒಬ್ಬರ ಮರದಲ್ಲಿ 'ರುಂಗ' ಅಂತ ಒಂದು ಹೆಸರಿತ್ತು. ಆರ್-ಯು-ಎನ್-ಜಿ-ಎ. ಹುಟ್ಟಿದ್ದು ಸುಮಾರು 1878. ಹುಟ್ಟಿದ ಊರು ಕೊಪ್ಪಳ, ಕರ್ನಾಟಕ. ನಾನು ದಾಟಿ ಹೋಗುತ್ತಿದ್ದೆ. ಕೆಳಗೆ ಟಿಪ್ಪಣಿಯಲ್ಲಿ ಹಡಗಿನ ಪಟ್ಟಿಯಿಂದ ಇಳಿಸಿಕೊಂಡ ಮಾತುಗಳಿದ್ದವು: ಜಿಲ್ಲೆ ಮೈಸೂರು, ಠಾಣೆ 'ಬೆಲ್ಲೂರ್', ಊರು 'ಕೋಪಲ್', ಸಿ-ಓ-ಪಿ-ಎ-ಎಲ್.

ಈ ಹಡಗಿನ ಪಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು. ಡರ್ಬನ್ ಇರುವ ನೇಟಾಲ್ ಸೀಮೆಯ ಕಬ್ಬಿನ ತೋಟಗಳಿಗೆ ಐದು ವರ್ಷದ ಕರಾರಿನ ಮೇಲೆ ಭಾರತದಿಂದ ಆಳುಗಳನ್ನು ಒಯ್ಯುತ್ತಿದ್ದರು. ಮದ್ರಾಸಿನಿಂದ ಹೊರಟ ಟ್ರೂರೋ ಅನ್ನುವ ಮೊದಲ ಹಡಗು ಡರ್ಬನ್ ಮುಟ್ಟಿದ್ದು 1860ರ ನವೆಂಬರ್ 16ಕ್ಕೆ. 1911ರಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 1,52,000 ಜನ ಹೋಗಿದ್ದರು. ಪ್ರತಿಯೊಬ್ಬರಿಗೂ ಒಂದು ನಂಬರ್. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಮೈಮೇಲಿನ ಗುರುತು ಎಲ್ಲಾ ಬರೆದಿಟ್ಟಿದ್ದಾರೆ. ಹೆಚ್ಚಿನವರು ತಮಿಳು, ತೆಲುಗಿನವರು. ಮೈಸೂರು ಸೀಮೆಯವರೂ ಅಲ್ಲಲ್ಲಿ ಸಿಗುತ್ತಾರೆ. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರುತ್ತಿರಲಿಲ್ಲ ಅಂತ ಕಾಣುತ್ತದೆ, ಕಿವಿಗೆ ಬಿದ್ದದ್ದನ್ನು ಬರೆದಿದ್ದಾನೆ.

ಕೋಪಲ್ ಅಂತ ಕಂಡ ಕೂಡಲೇ ಗೂಗಲ್ ಮ್ಯಾಪ್ ಕೊಪ್ಪಳ ತೋರಿಸುತ್ತದೆ. ಡರ್ಬನ್ನಿನ ಆ ಮರದವರು ನಾಲ್ಕು ವರ್ಷದಿಂದ ಕೊಪ್ಪಳದ ಕಡೆಯವರನ್ನೇ ವಿಚಾರಿಸುತ್ತಿದ್ದರಂತೆ. ಆದರೆ ಕೊಪ್ಪಳ ಆ ಕಾಲಕ್ಕೆ ಹೈದರಾಬಾದ್ ನಿಜಾಮನ ಸೀಮೆ. ಮೈಸೂರಿಗೆ ಸೇರಿರಲೇ ಇಲ್ಲ. ಹಾಸನ ಮಂಡ್ಯದ ಕಡೆ ಓಡಾಡಿದವರಿಗೆ ಅದು ಏನು ಅಂತ ತಟ್ಟನೆ ಹೊಳೆಯುತ್ತದೆ. ಕೊಪ್ಪಲು! ಊರಿನ ಪಕ್ಕ ನಾಲ್ಕು ಮನೆ ಕಟ್ಟಿಕೊಂಡರೆ ಅದು ಕೊಪ್ಪಲು. ನಮ್ಮ ತವರೂರಿನ ಹೆಸರೂ ಕೊಪ್ಪಲು ಅಂತಲೇ ಮುಗಿಯುತ್ತದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಪತ್ರದಲ್ಲಿ ನಮ್ಮ ರಂಗನ ಮಾತೇ ಎತ್ತಲಿಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ನಮಸ್ಕಾರ. ನಾನು ಕರ್ನಾಟಕದ ಬೇಲೂರಿನವಳು. ನಿಮ್ಮ ಮರದಲ್ಲಿರುವ ರುಂಗ ಅವರ ಊರು ಕೊಪ್ಪಳ ಇರಲಾರದು. ಅದು ಆಗ ಮೈಸೂರಿನಲ್ಲಿರಲಿಲ್ಲ. ಕೊಪ್ಪಲು ಅಂದರೆ ನಮ್ಮ ಕಡೆ ಸಣ್ಣ ಊರು. ಠಾಣೆ ನಮ್ಮ ಬೇಲೂರು ಆಗಿರಬಹುದು, ನಾಗಮಂಗಲದ ಹತ್ತಿರದ ಬೆಳ್ಳೂರೂ ಆಗಿರಬಹುದು. ಎರಡು ಕಡೆಯೂ ಕೊಪ್ಪಲುಗಳು ಬೇಕಾದಷ್ಟಿವೆ. ಪಟ್ಟಿಯ ಆ ಸಾಲಿನ ಫೋಟೋ ನಿಮ್ಮಲ್ಲಿದ್ದರೆ ಕಳಿಸುತ್ತೀರಾ?"

ಬೇಲೂರನ್ನೇ ಬರೆದು ಬೆಳ್ಳೂರನ್ನು ಬಿಟ್ಟುಬಿಡಬಹುದಿತ್ತು. ಕೈ ತುರಿಸಿತು ಕೂಡ. ಆದರೆ "ನೀವು ನಮ್ಮವರೇ" ಅಂದುಬಿಟ್ಟರೆ ಎದುರಿನವರು ಹೌದು ಹೌದು ಅನ್ನತೊಡಗುತ್ತಾರೆ. ನೂರು ವರ್ಷದಿಂದ ಊರು ಹುಡುಕುತ್ತಿರುವವರಿಗೆ ಯಾವ ಊರು ಕೊಟ್ಟರೂ ಸಿಹಿ. ನಮಗೆ ಗೊತ್ತಿರುವ ಒಂದೆರಡು ಮಾತನ್ನು ಕೈಯಲ್ಲೇ ಇಟ್ಟುಕೊಂಡು, ಅವರ ಬಾಯಿಂದ ಬರುತ್ತದಾ ಅಂತ ನೋಡಬೇಕು. ನಾನು ಮನೆದೇವರ ಹೆಸರು ಹೇಳಲಿಲ್ಲ, ವಿಳಂಬಿಯ ಮಾತೂ ಹೇಳಲಿಲ್ಲ.

ಐದು ವಾರಕ್ಕೆ ಉತ್ತರ ಬಂತು. ಅರವತ್ತು ದಾಟಿದ, ಕೆಲಸದಿಂದ ನಿವೃತ್ತರಾದ ಒಬ್ಬರು. ರುಂಗ ಅಂದರೆ ಇವರ ಮುತ್ತಜ್ಜ. ಕೊಪ್ಪಲು ಅನ್ನುವ ಪದವೇ ತಮಗೆ ಗೊತ್ತಿರಲಿಲ್ಲ ಅಂತ ಮೂರು ಸಲ ಥ್ಯಾಂಕ್ಸ್ ಹೇಳಿದ್ದರು. ಫೋಟೋ ಕಳಿಸಿದ್ದರು. ಮಾಸಿದ ಕಂದು ಶಾಯಿ. ವಯಸ್ಸು 20. ತಂದೆಯ ಹೆಸರಿನ ಜಾಗದಲ್ಲಿ 'ಚಿಕ್ಕ'. ಜಾತಿಯ ಜಾಗದಲ್ಲಿ ಯಾರಿಗೂ ಓದಲು ಬಾರದ ಒಂದು ಪದ. ಬಲ ಮೊಣಕಾಲ ಕೆಳಗೆ ಗಾಯದ ಕಲೆ. ಹಡಗು ಮುಟ್ಟಿದ್ದು 1899ರಲ್ಲಿ.

ಹೆಳವರ ಪುಸ್ತಕದಲ್ಲಿ ಮುತ್ತಜ್ಜನ ಅಪ್ಪ ಚಿಕ್ಕಯ್ಯ. ಕುಣಿದಾಡಬಹುದಿತ್ತು. ಆದರೆ ನಮ್ಮ ಸೀಮೆಯಲ್ಲಿ ಚಿಕ್ಕಯ್ಯ ಇಲ್ಲದ ಮನೆ ಯಾವುದು?

ಗುರುತಿನ ವಿಷಯ ಅತ್ತೆಯನ್ನು ಕೇಳೋಣ ಅಂತ ತವರಿಗೆ ಹೋದೆ. ಅತ್ತೆ ಅಂದರೆ ಅಪ್ಪನ ಅಕ್ಕ. ಮಾವ ತೀರಿದ ಮೇಲೆ ತವರಿನಲ್ಲೇ ಇದ್ದಾರೆ. ಎಂಬತ್ತಾರು ಆಗಿದೆ. ಅವರಿಗೂ ನಾನು ಏನೂ ಹೇಳಿಕೊಡಲಿಲ್ಲ. ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನೂ ಕೂತೆ.

"ಅತ್ತೆ, ಊರು ಬಿಟ್ಟು ಹೋದ ಆ ರಂಗನಿಗೆ ಮೈಮೇಲೆ ಏನಾದ್ರೂ ಗುರುತಿತ್ತಂತಾ?"

"ನಾನೆಲ್ಲಿ ನೋಡಿದೀನಿ? ನಮ್ಮಜ್ಜಿ ಹೇಳೋರು. ಕೊಯ್ಲಲ್ಲಿ ಕುಡುಗೋಲು ಕಾಲಿಗೆ ತಗುಲಿ ತಿಂಗಳು ಮಲಗಿದ್ದನಂತೆ."

"ಯಾವ ಕಾಲು?"

"ಎಡಗಾಲು."

ಪಟ್ಟಿಯಲ್ಲಿ ಬಲಗಾಲು ಅಂತಿದೆ ಅಂದೆ. ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಬರ್ಕೊಂಡೋನು ಎದುರಿಗೆ ಕೂತಿದ್ದ ಅಲ್ವಾ? ಇವನ ಎಡಗಾಲು ಅವನಿಗೆ ಬಲಕ್ಕೆ ಕಂಡಿರುತ್ತೆ."

ಇದನ್ನು ಸಾಕ್ಷಿ ಅನ್ನಲು ಬರುವುದಿಲ್ಲ. ಆದರೆ ಇದಕ್ಕಿಂತ ಒಳ್ಳೆಯ ಮಾತು ಈ ಹುಡುಕಾಟದಲ್ಲಿ ನಾನು ಕೇಳಿಲ್ಲ.

ಡರ್ಬನ್ನಿನವರನ್ನು ನಾನು ಒಂದೊಂದೇ ಕೇಳುತ್ತಾ ಹೋದೆ. ಮನೆದೇವರು ಯಾವುದು? ಗೊತ್ತಿಲ್ಲ. ಮನೆ ಮಾತು? ತೆಲುಗು ಇರಬೇಕು ಅಂದುಕೊಂಡಿದ್ದೆವು, ಈಗ ಎಲ್ಲಾ ಇಂಗ್ಲಿಷ್. ಅಜ್ಜಿಯನ್ನು ಏನಂತ ಕರೆಯುತ್ತಿದ್ದಿರಿ? "ಅಜ್ಜಿ" ಅಂತ ಬರೆದರು. ನನಗೆ ರೋಮಾಂಚನವಾಯಿತು. ತಮಿಳರಾದರೆ ಪಾಟಿ ಅನ್ನುತ್ತಿದ್ದರು, ತೆಲುಗಿನವರು ಅಮ್ಮಮ್ಮ ಅನ್ನುತ್ತಿದ್ದರು. ಮಾರನೇ ದಿನ ಅವರೇ ಇನ್ನೊಂದು ಸಾಲು ಕಳಿಸಿದರು. ಅಕ್ಕಪಕ್ಕದ ಹಿಂದಿ ಮನೆಗಳಲ್ಲಿ ಅಜ್ಜಿಗೆ 'ಆಜಿ' ಅನ್ನುತ್ತಾರೆ, ಅವರಿಂದ ಕಲಿತಿದ್ದರೂ ಇರಬಹುದು ಅಂತ. ಹೌದು, ಭೋಜಪುರಿಯಲ್ಲಿ ಆಜಿ ಅಂದರೆ ಅಪ್ಪನ ತಾಯಿ. ನನ್ನ ರೋಮಾಂಚನ ಇಳಿಯಿತು. ಆದರೆ ಅವರ ಮೇಲಿನ ನಂಬಿಕೆ ಏರಿತು. ತನಗೆ ಅನುಕೂಲವಾದ ಸಾಕ್ಷಿಯನ್ನು ತಾನೇ ಒಡೆದು ಹಾಕುವವರು ಎಷ್ಟು ಜನ ಸಿಗುತ್ತಾರೆ?

ಅವರು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡಿದ್ದರು. ನಿಮ್ಮ ಅತ್ತೆಯೋ ನೀವೋ ಮಾಡಿಸಿದರೆ ಗೊತ್ತಾಗಿಬಿಡುತ್ತದೆ ಅಂದರು. ನಾನು ಕೂತು ಓದಿದೆ. ಎಷ್ಟು ಡಿಎನ್‌ಎ ಹಂಚಿಕೊಂಡಿದ್ದೇವೆ ಅನ್ನುವುದನ್ನು ಸೆಂಟಿಮಾರ್ಗನ್ ಅನ್ನುವ ಲೆಕ್ಕದಲ್ಲಿ ಕೊಡುತ್ತಾರೆ. ಅಪ್ಪ ಅಮ್ಮನ ಜೊತೆ ಸುಮಾರು 3,400. ನಾನೂ ಅವರೂ ಅವರ ಲೆಕ್ಕದಲ್ಲಿ 'ಥರ್ಡ್ ಕಸಿನ್', ಅಂದರೆ ಸರಾಸರಿ 70 ಚಿಲ್ಲರೆ. ಹತ್ತರಲ್ಲಿ ಒಬ್ಬರಿಗೆ ಏನೂ ಸಿಗದೆಯೂ ಹೋಗಬಹುದು. ನಮ್ಮಲ್ಲಿ ಇನ್ನೊಂದು ತೊಡಕು. ನಮ್ಮಜ್ಜ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಅದಕ್ಕೂ ಹಿಂದೆ ಅತ್ತೆ ಮಗ, ಮಾವನ ಮಗಳು ಅಂತ ಅದೇ ನಾಲ್ಕು ಮನೆಗಳಲ್ಲೇ ತಿರುಗಿದ್ದೇವೆ. ಹೀಗಾದಾಗ ಒಂದೇ ತುಂಡು ಎರಡು ಮೂರು ದಾರಿಯಲ್ಲಿ ಬಂದು ಲೆಕ್ಕ ಉಬ್ಬುತ್ತದೆ. ದೂರದವರೂ ಹತ್ತಿರದವರ ಹಾಗೆ ಕಾಣುತ್ತಾರೆ. ಅದೂ ಅಲ್ಲದೆ ಟ್ವೆಂಟಿಥ್ರೀ ಆ್ಯಂಡ್ ಮೀ ಅನ್ನುವ ಡಿಎನ್‌ಎ ಪರೀಕ್ಷೆಯ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ 2023ರಲ್ಲಿ ಸೋರಿಹೋದ ಸುದ್ದಿ ಬಂತು. ಒಟಿಪಿಯಾದರೆ ಬದಲಾಯಿಸಬಹುದು, ಇದನ್ನು ಬದಲಾಯಿಸಲು ಆಗುತ್ತಾ? ನಾನು ಬೇಡ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಇಷ್ಟರಲ್ಲಿ ನಾನೇನು ತಪ್ಪೇ ಮಾಡಲಿಲ್ಲ ಅಂತಲ್ಲ. ಕಡೂರಿನ ಕಡೆಯ ಒಬ್ಬ ಹೆಂಗಸಿಗೂ ಬರೆದಿದ್ದೆ. ಅದೇ ಮನೆದೇವರು, ಮುತ್ತಜ್ಜನ ಹೆಸರೂ ಅದೇ. ಖುಷಿಯಿಂದ ಮಾತಾಡಿದರು, ಮನೆಗೆ ಕರೆದರು. ಬಾಳೆಹಣ್ಣು, ಹೂವು ತೆಗೆದುಕೊಂಡು ಹೋಗಿಯೂ ಬಂದೆ. ತಿಳಿಸಾರು, ಒಬ್ಬಟ್ಟು ಊಟ ಆದ ಮೇಲೆ ಹಾಳೆ ಬಿಡಿಸಿದರೆ ಅವರ ಮುತ್ತಜ್ಜನಿಗೂ ನಮ್ಮವನಿಗೂ ನಲವತ್ತು ವರ್ಷ ಅಂತರ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಲ್ಲಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಬರುತ್ತದೆ. ನಾನು ಮೊಮ್ಮಗನನ್ನು ತಾತ ಅಂದುಕೊಂಡಿದ್ದೆ. ಬೆಡಗು ಕೇಳಿದರೆ ಅದೂ ಬೇರೆ. ಬೆಡಗು ಬೇರೆಯಾದರೆ ದಾಯಾದಿಗಳಲ್ಲ, ಬೀಗರಾಗಬಹುದು. ಅವರು ನಕ್ಕು, "ಹಾಗಾದ್ರೆ ನಿಮ್ಮನೇಲಿ ಹುಡುಗ ಇದ್ದಾನಾ?" ಅಂದರು. ಇವತ್ತಿಗೂ ಯುಗಾದಿಗೆ ಫೋನ್ ಮಾಡುತ್ತಾರೆ.

ಮೋಸದವರೂ ಬಂದರು. ವಿದೇಶದಲ್ಲಿ ನಿಮ್ಮ ಮನೆತನದವರೊಬ್ಬರು ವಾರಸುದಾರರಿಲ್ಲದೆ ತೀರಿಕೊಂಡಿದ್ದಾರೆ, ಬ್ಯಾಂಕಿನಲ್ಲಿ ಇಷ್ಟು ಲಕ್ಷ ಡಾಲರ್ ಇದೆ ಅಂತ ಒಬ್ಬ ಬರೆದ. ಫೀಸ್ ಎಷ್ಟು ಅಂತ ಕೇಳಿದೆ. ತಕ್ಷಣ ಅಕೌಂಟ್ ನಂಬರ್ ಬಂತು. ಆ ದಿನವೇ ಮರದಲ್ಲಿದ್ದ ಬದುಕಿರುವವರ ಹೆಸರನ್ನೆಲ್ಲ ತೆಗೆದುಹಾಕಿದೆ. ಬದುಕಿರುವವರ ವಿವರ ಬೇರೆಯವರಿಗೆ ಕಾಣದ ಹಾಗೆ ಜಾಲತಾಣಗಳೇ ಮುಚ್ಚಿಡುತ್ತವೆ, ನಿಜ. ಆದರೂ ಮಕ್ಕಳ ಹೆಸರು ಅಲ್ಲಿ ಇರಬೇಕಾದ ಅಗತ್ಯವೇನು? ನಾಡಕಚೇರಿಯ ವಂಶವೃಕ್ಷದ ಪ್ರತಿಯನ್ನಂತೂ ಯಾರಿಗೂ ಕಳಿಸುವುದಿಲ್ಲ. ಅದರಲ್ಲಿ ಎಲ್ಲರ ಹೆಸರು, ವಯಸ್ಸು, ಸಂಬಂಧ ಒಂದೇ ಕಡೆ ಸಿಗುತ್ತದೆ.

ಡರ್ಬನ್ನಿನವರ ಜೊತೆ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದೆವು. ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ನಮಗೆ ಸಂಜೆ ನಾಲ್ಕು, ಅವರಿಗೆ ಮಧ್ಯಾಹ್ನ ಹನ್ನೆರಡೂವರೆ. ಅತ್ತೆ ಹೊಸ ಸೀರೆ ಉಟ್ಟು ಕೂತಿದ್ದರು. ಅವರು ಇಂಗ್ಲಿಷಿನಲ್ಲಿ "ಗುಡ್ ಆಫ್ಟರ್‌ನೂನ್ ಆಂಟಿ" ಅಂದರು. ಅತ್ತೆ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, "ಊಟ ಆಯ್ತಾ ಮಗ?" ಅಂದರು. ನಾನು ಅನುವಾದ ಮಾಡಿದೆ. ಇನ್ನೂ ಇಲ್ಲ ಅಂದರು. "ಹಾಗಾದ್ರೆ ಊಟ ಮಾಡ್ಕೊಂಡು ಬರ್ಲಿ, ಆಮೇಲೆ ಮಾತಾಡೋಣ" ಅಂತ ಅತ್ತೆ ಫೋನ್ ಕೊಟ್ಟೇಬಿಟ್ಟರು.

ಎರಡನೇ ಸಲ ಮಾತು ಸ್ವಲ್ಪ ಉದ್ದ ಹೋಯಿತು. ಅವರು ಹೋದ ವರ್ಷ ತಮ್ಮ ಚಿಕ್ಕಪ್ಪ ತೀರಿಕೊಂಡದ್ದನ್ನು ಹೇಳಿದರು. ಅತ್ತೆ ಗಂಭೀರವಾದರು. ಕಾಲ್ ಮುಗಿದ ಮೇಲೆ ನನ್ನನ್ನು ಕೇಳಿದರು: "ಅವರು ನಮ್ಮ ದಾಯಾದಿಗಳೇ ಆಗಿದ್ರೆ ನಮಗೆ ಸೂತಕ ಬಂದಿರುತ್ತೆ. ನಾವು ಹಬ್ಬ ಮಾಡ್ಬಿಟ್ವಲ್ಲೇ?" ಇಂಗ್ಲಿಷಿನಲ್ಲಿ ಮೂರನೇ ಸುತ್ತಿನ ಕಸಿನ್, ನಮ್ಮಲ್ಲಿ ಅಣ್ಣ. ಅಣ್ಣ ಅಂದಮೇಲೆ ಸೂತಕವೂ ಬರುತ್ತದೆ. ಜಾಲತಾಣದಲ್ಲಿ ಇದಕ್ಕೊಂದು ಕಾಲಂ ಇಲ್ಲ. ಸಮುದ್ರದ ಆಚೆಯದು ಇಲ್ಲಿಗೆ ಮುಟ್ಟುವುದಿಲ್ಲ ಅತ್ತೆ ಅಂತ ಏನೋ ಹೇಳಿ ಸಮಾಧಾನ ಮಾಡಿದೆ.

ಈ ಸಲ ಸುಗ್ಗಿ ಮುಗಿದ ಮೇಲೆ ಹೆಳವರು ಬಂದರು. ಎಕ್ಸೆಲ್ ಹೋಗಿ ಈಗ ಸ್ಕೂಟರ್ ಬಂದಿದೆ. ನನಗೆ ಫೋನ್ ಮಾಡಿ ಕರೆಸಿದ್ದು ಯಾರು ಅಂದುಕೊಂಡಿರಿ? ಅಣ್ಣ. ಜಗಲಿ ಮೇಲೆ ಕಂಬಳಿ ಹಾಸಿತ್ತು. ಹೊಗಳಿಕೆ, ಹಾರೈಕೆ ಎಲ್ಲಾ ಆಗಿ ಮುತ್ತಜ್ಜನ ತಲೆಮಾರಿಗೆ ಬಂದಾಗ ಅತ್ತೆ ತಡೆದರು. "ರಂಗನ ಕವಲು ಬರ್ಕೊಳ್ಳಪ್ಪಾ. ಮಗ ಒಬ್ಬ, ಮೊಮ್ಮಕ್ಕಳು ಮೂವರು, ಇವಳು ಹೇಳ್ತಾಳೆ."

ನಾನು ಮೊಬೈಲ್ ತೆಗೆದು ಹೆಸರು ಓದತೊಡಗಿದೆ. ಹೆಳವರು ಪೆನ್ನಿನ ಮುಚ್ಚಳ ತೆಗೆದವರು ಅಲ್ಲೇ ನಿಂತರು.

"ಹೊಸ ಕವಲು ಅಂದ್ರೆ ಕಾಣಿಕೆ ಬೇರೆ ಆಗುತ್ತೆ ಅಮ್ಮಾ. ಒಂದು ಚೀಲ ರಾಗಿ."

"ಅವರು ನಮ್ಮೋರೇ ಅಂತ ಇನ್ನೂ ಗಟ್ಟಿ ಆಗಿಲ್ಲ. ಅರ್ಧ ಚೀಲ."

"ಅರ್ಧಕ್ಕೆ ಪೆನ್ಸಿಲ್‌ನಲ್ಲಿ ಬರೀತೀನಿ."

"ಬರಿ" ಅಂದರು ಅತ್ತೆ.

ಅಣ್ಣ ಎದ್ದು ರಾಗಿ ಅಳೆಯಲು ಒಳಗೆ ಹೋದ.